ಹದಿನೈದರ ಹಬ್ಬಕ್ಕೆ ಹತ್ತಿದ ಅರಿಶಿಣ

ಹೊಸದೇನು ಕಂಡರೂ ಅದರ ಹಣೆ ಎಲ್ಲಿದೆ ಎಂದು ಹುಡುಕುವುದು ನಮ್ಮ ಅವ್ವನ ಚಟ. ಹಣೆ ಸಿಕ್ಕಿತೋ, ಬೆರಳ ತುದಿಯ ಅರಿಶಿಣ-ಕುಂಕುಮ ಅಲ್ಲಿಗೆ ಹೋಗಿಯೇ ಹೋಯಿತು. ಕಳೆದ ಬೇಸಿಗೆ ಗದಗಿನಿಂದ ಮೂರು ತಿಂಗಳ ವೀಸಾದ ಮೇಲೆ ಜರ್ಮನಿಯ ಇಂಗೋಲ್‌ಸ್ಟಾಟ್‌ಗೆ ಬಂದವಳು ನಮ್ಮ ಮನೆಯ ಪಾತ್ರೆ ತೊಳೆಯುವ ಯಂತ್ರಕ್ಕೆ, ಮಗಳ ಹೊಸ ಸೈಕಲ್ಲಿಗೆ, ಕೊನೆಗೆ ಕಟ್ಟಡದ ಮಾಲೀಕ ಆಗಷ್ಟೇ ಕೂಡಿಸಿದ್ದ ಅಂಚೆಪೆಟ್ಟಿಗೆಗೂ ಬೊಟ್ಟು ಇಟ್ಟಳು. ಮರುವಾರ ಹೀಟಿಂಗ್ ಪರೀಕ್ಷಿಸಲು ಬಂದ ಜರ್ಮನ್ ಮನುಷ್ಯ ಆ ಕೆಂಪು ಹಳದಿ ಚುಕ್ಕೆಯನ್ನು ಬಹಳ ಹೊತ್ತು ನೋಡಿ, ಇದು ಯಾವ ದೋಷದ ಗುರುತು ಎಂದು ನನ್ನನ್ನು ಕೇಳಿದ. ದೋಷದ್ದಲ್ಲ, ದೋಷ ಬಾರದಿರಲೆಂದು ಇಟ್ಟದ್ದು ಎಂದೆ. ಅವನು ತನ್ನ ಫಾರ್ಮಿನಲ್ಲಿ ಏನೋ ಬರೆದುಕೊಂಡು ಹೋದ.

ಈಗ ಅವ್ವ ಊರಿಗೆ ವಾಪಸಾಗಿದ್ದಾಳೆ. ಅಂಚೆಪೆಟ್ಟಿಗೆಯ ಬೊಟ್ಟು ಮಳೆಗೆ ಮಾಸಿದೆ. ಆದರೆ ಪ್ರತಿಸಲ ಪತ್ರ ತೆಗೆಯಲು ಹೋದಾಗ ನನಗೆ ಹಿಮೇನಾ ಎಂಬ ಹುಡುಗಿಯ ಬಿಳಿ ಚಪ್ಪಲಿ ನೆನಪಾಗುತ್ತದೆ. ಆ ಚಪ್ಪಲಿಯ ಕತೆ ಹೇಳಲು ಹೊರಟರೆ ನನ್ನ ಒಂದೆರಡು ಸುಳ್ಳುಗಳನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಇರಲಿ, ನಿಮ್ಮ ಹತ್ತಿರ ಏನು ಮುಚ್ಚುಮರೆ.

ಹಿಮೇನಾ ನನ್ನ ಮಗಳು ಭೂಮಿಯ ಜೀವದ ಗೆಳತಿ. ಮೆಕ್ಸಿಕೋದವಳು. ಅವಳ ಅಪ್ಪನೂ ನಮ್ಮ ಮನೆಯವರೂ ಒಂದೇ ಕಾರ್ ಕಾರ್ಖಾನೆಯಲ್ಲಿ ಎಂಜಿನಿಯರುಗಳು. ಅವಳ ತಾಯಿ ಲೂಪೆಯ ಜರ್ಮನ್ನೂ ನನ್ನ ಜರ್ಮನ್ನೂ ಒಂದೇ ಮಟ್ಟದವು. ಇಬ್ಬರೂ ತಪ್ಪುತಪ್ಪಾಗಿ ಮಾತಾಡುವುದರಿಂದ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗುತ್ತೇವೆ. ಹೋದ ವರ್ಷದ ಏಪ್ರಿಲ್‌ನಲ್ಲಿ ಲೂಪೆ ಕೈಯಲ್ಲೊಂದು ಪಟ್ಟಿ ಹಿಡಿದು ಮನೆಗೆ ಬಂದಳು. ಹಿಮೇನಾಳಿಗೆ ಜೂನ್‌ನಲ್ಲಿ ಹದಿನೈದು ತುಂಬುತ್ತದೆ. ಅವರಲ್ಲಿ ಹೆಣ್ಣುಮಗುವಿನ ಹದಿನೈದನೆಯ ಹುಟ್ಟುಹಬ್ಬ ಎಂದರೆ ನಮ್ಮ ಮದುವೆಗೇನೂ ಕಡಿಮೆಯಿಲ್ಲ. ಕಿನ್ಸೆಆನ್ಯೇರಾ ಎನ್ನುತ್ತಾರೆ. ಚರ್ಚಿನಲ್ಲಿ ಪೂಜೆ, ಕಿರೀಟ, ನೆಲ ಗುಡಿಸುವಷ್ಟು ಘೇರಿನ ಗೌನು. ಹುಡುಗಿ ತನ್ನ ಕೊನೆಯ ಗೊಂಬೆಯನ್ನು ಚಿಕ್ಕ ಮಗುವೊಂದಕ್ಕೆ ಕೊಟ್ಟುಬಿಡುತ್ತಾಳೆ. ಅಪ್ಪ ಎಲ್ಲರೆದುರು ಮಂಡಿಯೂರಿ ಮಗಳ ಕಾಲಿನ ಸಪಾಟು ಚಪ್ಪಲಿ ಬಿಚ್ಚಿ, ಮೊದಲ ಸಲ ಹಿಮ್ಮಡಿ ಎತ್ತರದ ಚಪ್ಪಲಿ ತೊಡಿಸುತ್ತಾನೆ. ಆಮೇಲೆ ಅಪ್ಪ-ಮಗಳು ವಾಲ್ಟ್ಸ್ ಎಂಬ ಜೋಡಿಕುಣಿತ ಕುಣಿಯುತ್ತಾರೆ. ಇದಕ್ಕೆ ಬೇಕಾದ ಒಂದೊಂದು ವಸ್ತುವನ್ನೂ ಒಬ್ಬೊಬ್ಬ ಬಂಧು ತರಬೇಕು. ಹಾಗೆ ತರುವ ಹೆಂಗಸನ್ನು ಮದ್ರಿನಾ ಎನ್ನುತ್ತಾರಂತೆ. ಇಲ್ಲಿ ಬಂಧುಗಳೆಲ್ಲಿ? ಹಾಗಾಗಿ ಲೂಪೆ ನೆರೆಹೊರೆಯವರನ್ನೇ ಸೋದರತ್ತೆ-ಚಿಕ್ಕಮ್ಮಂದಿರನ್ನಾಗಿ ಮಾಡಿಕೊಂಡಿದ್ದಳು. ಕೇಕು ಕೆಳಗಿನ ಮನೆಯ ಪೋಲಿಷ್ ಅಜ್ಜಿಯದು, ಕಿರೀಟ ಹುಡುಗಿಯ ಪಿಯಾನೋ ಟೀಚರದು. ನನ್ನ ಪಾಲಿಗೆ ಬಂದದ್ದು ಚಪ್ಪಲಿ.

ನನಗೆ ಸಂತೋಷವೂ ಆಯಿತು, ಎದೆಯೂ ಧಸಕ್ಕೆಂದಿತು. ಮೇ ತಿಂಗಳಲ್ಲಿ ಅವ್ವ ಬರುವವಳಿದ್ದಳು. ಹೆಣ್ಣುಮಗಳ ಶುಭಕಾರ್ಯಕ್ಕೆ ಚಪ್ಪಲಿ ಉಡುಗೊರೆ ಕೊಡುತ್ತೇನೆಂದರೆ ಅವ್ವ ನನ್ನನ್ನು ಸುಮ್ಮನೆ ಬಿಡುತ್ತಾಳೆಯೇ? ಚಪ್ಪಲಿಯನ್ನು ಮಖಮಲ್ಲಿನ ದಿಂಬಿನ ಮೇಲಿಟ್ಟು ಎರಡೂ ಕೈಯಲ್ಲಿ ಹೊತ್ತು ತರಬೇಕು ಎಂಬುದನ್ನಂತೂ ಬಾಯಿಬಿಡುವಂತೆಯೇ ಇರಲಿಲ್ಲ. ಮ್ಯೂನಿಕ್‌ಗೆ ಹೋಗಿ ಬಿಳಿ ಸ್ಯಾಟಿನ್ನಿನ ಜೋಡು ತಂದೆ. ಪೆಟ್ಟಿಗೆಯಲ್ಲಿ ಏನಿದೆ ಎಂದು ಅವ್ವ ಬಂದ ಮೇಲೆ ಕೇಳಿದಳು. ಅರಿವಿ, ಹಿಮೇನಾಳಿಗೆ ಕೊಡುವ ಹೊಸ ಬಟ್ಟೆ ಎಂದೆ. ಇದು ಮೊದಲ ಸುಳ್ಳು.

ಎರಡನೆಯದು ದೊಡ್ಡದು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಾನು ದೊಡ್ಡವಳಾದದ್ದು ಗದಗಿನಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ. ಆ ಸುದ್ದಿ ನನಗಿಂತ ಮೊದಲು ಬಳೆಗಾರ್ತಿಗೆ ಗೊತ್ತಿತ್ತೇನೋ ಎಂಬಷ್ಟು ಬೇಗ ಓಣಿಯೆಲ್ಲ ಹಬ್ಬಿತು. ನಡುಮನೆಯ ಮೂಲೆಯಲ್ಲಿ ಚಾಪೆ, ಬೇರೆ ತಾಟು, ಬೇರೆ ತಂಬಿಗೆ. ಮುಂಜಾನೆ ಎದ್ದರೆ ಕೊಬ್ಬರಿ ಬೆಲ್ಲ, ಮಧ್ಯಾಹ್ನ ಅಂಟಿನ ಉಂಡಿ, ಸಂಜೆ ಎಳ್ಳಿನ ಚಿಗಳಿ. ದಿನಾ ಸಂಜೆ ಮುತ್ತೈದೆಯರು ಬಂದು ಹಾಡು ಹೇಳಿ ಆರತಿ ಬೆಳಗುವರು, ಉಡಿ ತುಂಬುವರು, ನನ್ನ ಗಲ್ಲ ಹಿಂಡುವರು. ನನ್ನ ಪಕ್ಕದ ಬೆಂಚಿನ ಹುಡುಗನ ತಾಯಿಯೂ ಬಂದಿದ್ದಳು. ನಾಳೆ ಕ್ಲಾಸಿಗೆಲ್ಲ ಗೊತ್ತಾಗುತ್ತದೆ ಎಂದು ನಾನು ಮುಖ ಮುಚ್ಚಿಕೊಂಡು ಅತ್ತರೆ ಅವರೆಲ್ಲ ಅದನ್ನೂ ನಾಚಿಕೆ ಎಂದುಕೊಂಡು ಇನ್ನಷ್ಟು ಜೋರಾಗಿ ಹಾಡಿದರು. ನಿಜ ಹೇಳಬೇಕೆಂದರೆ ಅಂಟಿನ ಉಂಡಿಯ ಮೇಲೆ ಮಾತ್ರ ನನಗೆ ಸಿಟ್ಟಿರಲಿಲ್ಲ. ಅಳುತ್ತಲೇ ಡಬ್ಬಿ ಖಾಲಿ ಮಾಡಿದ್ದೆ.

ಆದರೆ ನನ್ನ ಎದೆಯಲ್ಲಿ ಉಳಿದದ್ದು ಆರತಿಯೂ ಅಲ್ಲ, ಹಾಡೂ ಅಲ್ಲ. ಅಪ್ಪ. ನಮ್ಮಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ದಿನಾ ನನ್ನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಸಾಲಿಗೆ ಒಯ್ಯುತ್ತಿದ್ದರು. ರವಿವಾರ ಬಂತೆಂದರೆ ನನ್ನ ಅಂಗೈ ಮೇಲೆ ಶಾಯಿ ಪೆನ್ನಿನಿಂದ ಗಿಣಿಯನ್ನೋ ಹುಂಜವನ್ನೋ ಬರೆಯುತ್ತಿದ್ದರು. ನಾನು ಕಚಗುಳಿಗೆ ಕೈ ಎಳೆದುಕೊಂಡರೆ ಹುಂಜಕ್ಕೆ ಮೂರನೆಯ ಕಾಲು ಬರುತ್ತಿತ್ತು. ಅದೆಲ್ಲ ಆ ವಾರ ನಿಂತಿತು. ಮೂಲೆಯಿಂದೆದ್ದು ಮತ್ತೆ ಸಾಲಿಗೆ ಹೊರಟ ದಿನ ಅಪ್ಪನ ಸೈಕಲ್ಲು ಆಗಲೇ ಹೋಗಿತ್ತು. ಓಣಿಯ ಹುಡುಗಿಯರ ಜೊತೆ ನಡೆದು ಹೋದೆ. ಆಮೇಲೆ ಅಪ್ಪ ನನ್ನ ಹೆಸರು ಹಿಡಿದು ಕರೆದದ್ದೇ ಅಪರೂಪ. ನಾನು ಎದುರಿಗಿದ್ದರೂ "ಆಕಿಗೆ ಊಟಕ್ಕ ಹಾಕು", "ಆಕಿಗೆ ಫೀ ಕಟ್ಟೀನಿ ಅಂತ ಹೇಳು" ಎಂದು ಅವ್ವನಿಗೆ ಹೇಳುತ್ತಿದ್ದರು. ದಾರಿಯಲ್ಲಿ ನಮ್ಮ ಗುಂಪನ್ನು ದಾಟುವಾಗ ಒಂದು ಸಲ ಬೆಲ್ ಬಾರಿಸುತ್ತಿದ್ದರು, ಅಷ್ಟೇ. ನಾನೇನು ತಪ್ಪು ಮಾಡಿದೆ ಎಂದು ಬಹಳ ಯೋಚಿಸಿದೆ. ಉತ್ತರ ಸಿಗದಿದ್ದಾಗ ನನಗೂ ಅವರ ಮೇಲೆ ಸಿಟ್ಟು ಬಂತು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಆ ಸಿಟ್ಟು ಮಾತ್ರ ಹಾಗೇ ಇತ್ತು.

ಹಾಗಾಗಿ ಭೂಮಿ ಹುಟ್ಟಿದಾಗಲೇ ನಿಶ್ಚಯಿಸಿದ್ದೆ. ನನ್ನ ಮಗಳಿಗೆ ಮೂಲೆ ಇಲ್ಲ, ಆರತಿ ಇಲ್ಲ, ಗಲ್ಲ ಹಿಂಡುವವರಿಲ್ಲ. ಅವಳು ಏಳನೆಯ ಕ್ಲಾಸಿನಲ್ಲಿದ್ದಾಗ ಬಚ್ಚಲಮನೆಯ ಬಾಗಿಲಿನ ಹಿಂದಿನಿಂದ ನನ್ನನ್ನು ಕರೆದಳು. ಬೇಕಾದದ್ದನ್ನೆಲ್ಲ ಕೊಟ್ಟೆ, ಹೊಟ್ಟೆಗೆ ಬಿಸಿನೀರಿನ ರಬ್ಬರ್ ಚೀಲ ಕೊಟ್ಟೆ, ಚಾಕೊಲೇಟ್ ಕೊಟ್ಟೆ. ಇದು ನಿನ್ನ ಸ್ವಂತ ವಿಷಯ, ಯಾರಿಗೂ ಹೇಳಬೇಕಾಗಿಲ್ಲ ಎಂದು ಭಾಷಣವನ್ನೂ ಕೊಟ್ಟೆ. ಆಮೇಲೆ ಅಡಿಗೆಮನೆಯಲ್ಲಿ ನಮ್ಮ ಮನೆಯವರಿಗೆ ಮೆಲ್ಲಗೆ ಹೇಳಿದೆ: "ಭೂಮಿ ದೊಡ್ಡಾಕಿ ಆಗ್ಯಾಳ. ನೀವು ಏನೂ ಗೊತ್ತಿಲ್ಲದಂಗ ಇರ್ರಿ. ಆಕಿಗೆ ಮುಜುಗರ ಆಗತೈತಿ." ನಮ್ಮ ಮನೆಯವರು ಹೇಳಿದ ಮಾತು ಮೀರುವವರಲ್ಲ. ಕಸವನ್ನು ಐದು ಬಣ್ಣದ ಡಬ್ಬಿಗಳಿಗೆ ಹಂಚುವ ಇಲ್ಲಿಯ ನಿಯಮವನ್ನು ಪಾಲಿಸುವಷ್ಟೇ ನಿಷ್ಠೆಯಿಂದ ಈ ಮಾತನ್ನೂ ಪಾಲಿಸಿದರು. ಗದಗಿಗೆ ಫೋನು ಮಾಡಿದಾಗ ಅವ್ವ ಎರಡು ತಿಂಗಳಿಗೊಮ್ಮೆ ಕೇಳುತ್ತಿದ್ದಳು, "ಕೂಸಿನ ಸುದ್ದಿ ಏನರೆ ಐತೇನ?" ಇನ್ನೂ ಇಲ್ಲ ಎನ್ನುತ್ತಿದ್ದೆ. ಹೀಗೆ ಎರಡು ವರ್ಷ ಆಡಿದ್ದೇ ನನ್ನ ಎರಡನೆಯ ಸುಳ್ಳು. ಹೇಳಿದರೆ ಅವ್ವ ಅಂಟಿನ ಉಂಡಿ ಪಾರ್ಸಲ್ ಮಾಡಿ, ಓಣಿಗೆಲ್ಲ ಸಕ್ಕರೆ ಹಂಚಿ, ವಿಡಿಯೋ ಕಾಲಿನಲ್ಲಿ ಆರತಿ ಎತ್ತುವವಳೇ.

ಇನ್ನು ಹಬ್ಬದ ದಿನಕ್ಕೆ ಬರೋಣ. ಅಂದು ರವಿವಾರ. ನಾವಿರುವ ಬವೇರಿಯಾ ಪ್ರಾಂತದಲ್ಲಿ ರವಿವಾರ ಎಂದರೆ, ಒಂದು ಸೂಜಿ ಬೇಕೆಂದರೂ ಅಂಗಡಿ ತೆರೆದಿರುವುದಿಲ್ಲ. ಚರ್ಚಿನ ಹಿಂದೆಯೇ ಒಂದು ಹಾಲ್, ಹಾಲಿಗೊಂದು ಅಡಿಗೆಕೋಣೆ. ಬೆಳಗ್ಗೆ ಒಂಬತ್ತಕ್ಕೆ ನಾವು ಹೆಂಗಸರು ಅಲ್ಲಿ ಸೇರಿದ್ದೆವು. ಚಪ್ಪಲಿಯನ್ನು ದಿಂಬಿನ ಮೇಲೆ ಜೋಡಿಸಲೆಂದು ಪೆಟ್ಟಿಗೆ ತೆರೆದೆ. ಬಲಗಾಲಿನ ಚಪ್ಪಲಿಯ ಬದಿಗೆ ಅಂಗೈ ಅಗಲದ ಹಳದಿ ಕಲೆ. ಪಕ್ಕದಲ್ಲಿ ಒಡೆದ ಕಾಗದದ ಪೊಟ್ಟಣ, ಬಾಡಿದ ಎರಡು ವೀಳ್ಯದೆಲೆ, ಒಂದು ಅಡಿಕೆಬೆಟ್ಟ.

ನಾನು ಅವ್ವನ ಕಡೆ ನೋಡಿದೆ. ಅವ್ವ ಪೆಟ್ಟಿಗೆಯ ಕಡೆ ನೋಡಿದಳು.

"ಹೆಣ್ಣುಮಕ್ಕಳಿಗೆ ಅರಿವಿ ಕೊಡೂ ಮುಂದ ಬರೇ ಅರಿವಿ ಕೊಡಬಾರದವಾ, ಅರಿಷಿಣ ಇಟ್ಟು ಕೊಡಬೇಕಂತ ಇಟ್ಟೆ" ಎಂದಳು. "ಮ್ಯಾಲೆ ತೆಳ್ಳನ ಹಾಳಿ ಇತ್ತು, ಅದರ ಬುಡಕ ತೂರಿಸಿದೆ. ಒಳಗ ಚಪ್ಪಲ್ ಅದಾವ ಅಂತ ಯಾರಿಗೆ ಗೊತ್ತಿತ್ತು? ಅರಿವಿ ಅಂದ್ಯಲ್ಲ ನೀ!"

ಎಲೆಯ ತೇವಕ್ಕೆ ಅರಿಶಿಣ ಕರಗಿ ರಾತ್ರಿಯಿಡೀ ಸ್ಯಾಟಿನ್ನಿಗೆ ಇಳಿದಿತ್ತು. ಬೈಯಲು ನನಗೆ ಬಾಯೇ ಇರಲಿಲ್ಲ. ಅಷ್ಟರಲ್ಲಿ ಲೂಪೆ ಬಂದಳು, ನೋಡಿದಳು, ಏಸುವಿನ ತಾಯಿಯನ್ನು ಕರೆದಳು, ಚಪ್ಪಲಿ ಕಸಿದುಕೊಂಡು ನಲ್ಲಿಯ ಕೆಳಗೆ ಹಿಡಿದು ಸಾಬೂನು ತಿಕ್ಕತೊಡಗಿದಳು. "ಸಾಬಾಣ ಹಚ್ಚಬ್ಯಾಡ್ರೀ!" ಎಂದು ಅವ್ವ ಗದಗಿನ ದನಿಯಲ್ಲಿ ಕೂಗಿದಳು. ಮೆಕ್ಸಿಕೋದವಳಿಗೆ ಏನು ತಿಳಿಯಬೇಕು? ಅರಿಶಿಣಕ್ಕೆ ಸಾಬೂನು ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆಯ ಯಾವ ಹೆಂಗಸಿಗೂ ಗೊತ್ತು. ನಮ್ಮ ಕಣ್ಣೆದುರಿಗೇ ಹಳದಿ ಕಲೆ ರಕ್ತದಂತೆ ಕೆಂಪಾಯಿತು.

ಬಾಗಿಲಲ್ಲಿ ಹಿಮೇನಾ ನಿಂತಿದ್ದಳು, ಕೂದಲಿಗೆ ಸುರುಳಿ ಸುತ್ತಿಕೊಂಡು. ಹಿಂದೆ ಭೂಮಿ. ಬಿಳಿ ಚಪ್ಪಲಿಯ ಮೇಲಿನ ಆ ಕೆಂಪನ್ನು ನೋಡಿ ಹಿಮೇನಾಳ ಕಣ್ಣಲ್ಲಿ ನೀರು ತುಂಬಿತು. ಭೂಮಿ ನನ್ನನ್ನು ನೋಡಿ ಹಲ್ಲು ಕಚ್ಚಿಕೊಂಡು "ಪೈನ್‌ಲಿಶ್!" ಎಂದಳು. ನಾಚಿಕೆಗೇಡು ಎಂಬುದಕ್ಕೆ ಇಲ್ಲಿಯ ಮಕ್ಕಳ ಮಾತು ಅದು. ತಾಯಂದಿರ ವಿಷಯದಲ್ಲಿ ದಿನಕ್ಕೆ ಹತ್ತು ಸಲ ಬಳಕೆಯಾಗುತ್ತದೆ.

ಆಗ ಅವ್ವ ಕಾರ್ಯಭಾರ ವಹಿಸಿಕೊಂಡಳು. ಲೂಪೆಯ ಕೈಯಿಂದ ಚಪ್ಪಲಿ ತೆಗೆದುಕೊಂಡಳು. ಚಪ್ಪಲಿಯನ್ನು ಕೈಯಿಂದ ಮುಟ್ಟುವ ವಿಷಯದಲ್ಲಿ ಅವಳಿಗಿದ್ದ ಮಡಿಯೆಲ್ಲ ಎಲ್ಲಿ ಹೋಯಿತೋ. ಮೆಕ್ಸಿಕೋದವರ ಅಡಿಗೆಕೋಣೆಯಲ್ಲಿ ನಿಂಬೆಹಣ್ಣಿಗೇನು ಬರ? ಬುಟ್ಟಿಯಿಂದ ಎರಡು ತೆಗೆದು ಹಿಂಡಿದಳು. ಕೆಂಪು ಮತ್ತೆ ಹಳದಿಯಾಯಿತು. ತಣ್ಣೀರಿನಲ್ಲಿ ಜಾಲಾಡಿಸಿ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲಿಟ್ಟು, "ಬಿಸಲಿಗೆ ಅರಿಷಿಣ ನಿಂದರೂದಿಲ್ಲ. ಹೊತ್ತು ತಿರಗೂದರಾಗ ಹೋಗತೈತಿ" ಎಂದಳು. ಅದನ್ನು ನಾನು ಅನುವಾದಿಸಿದೆ. ಲೂಪೆ ಅವ್ವನ ಮುಖವನ್ನೊಮ್ಮೆ ನೋಡಿ ನಂಬಿದಳು. ಚಪ್ಪಲಿ ಬೇಕಿದ್ದದ್ದು ಸಂಜೆ ನಾಲ್ಕಕ್ಕೆ. ಪುಣ್ಯಕ್ಕೆ ಅಂದು ಮೋಡವಿರಲಿಲ್ಲ.

ಉಳಿದವರೆಲ್ಲ ಚರ್ಚಿಗೆ ಹೋದರು. ಅವ್ವ ಚಪ್ಪಲಿ ಕಾಯುತ್ತ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡಳು. ಕೋಪ ಇಳಿದ ಮೇಲೆ ಭೂಮಿಯೂ ಬಂದು ಕಟ್ಟೆಯ ಮೇಲೆ ಕೂತಳು. ಬಿಸಿಲು ಸರಿದ ಹಾಗೆ ಅವ್ವ ಚಪ್ಪಲಿಯನ್ನು ಸರಿಸುತ್ತಿದ್ದಳು. ನಾನು ಮೇಜಿಗೆ ಹಾಸು ಹಾಸುತ್ತಿದ್ದೆ.

"ಹಿಮೇನಾನ ಪಪ್ಪಾ ಮೂರು ವೀಕ್‌ನಿಂದ ವಾಲ್ಟ್ಸ್ ಪ್ರಾಕ್ಟೀಸ್ ಮಾಡ್ತಾ ಇದಾರೆ, ಡೇಲಿ" ಎಂದಳು ಭೂಮಿ. ನನ್ನ ಕಡೆ ತಿರುಗಿ, "ಮಮ್ಮಿ, ನಮ್ಮ ಪಪ್ಪಾಗ ನನ್ನ ಮ್ಯಾಲೆ ಸಿಟ್ಟು ಐತಿ, ಓಡರ್?" ಎಂದಳು. ಅವಳ ಕನ್ನಡದ ವಾಕ್ಯಗಳೂ ಹೀಗೆ 'ಓಡರ್' ಎಂದು ಮುಗಿಯುತ್ತವೆ, ನಾವು 'ಹೌದಲ್ಲೋ' ಎನ್ನುವ ಹಾಗೆ.

"ಹುಚ್ಚಿ, ಯಾಕ ಸಿಟ್ಟು ಬರತೈತಿ?"

"ಐ ಡೋಂಟ್ ನೋ. ಸೆವೆಂತ್ ಕ್ಲಾಸಿಂದ. ಮೊದಲು ಡೋನಾವ್ ನದಿ ಹತ್ರ ವಾಕ್ ಹೋದಾಗ ಬೆನ್ನ ಮ್ಯಾಲೆ ಪಿಗ್ಗಿಬ್ಯಾಕ್ ಮಾಡ್ತಿದ್ರು. ಹೋಮ್‌ವರ್ಕ್ ಮಾಡೋವಾಗ ನನ್ನ ಬೆಡ್ ಮ್ಯಾಲೆ ಕೂತು ಜೋಕ್ ಹೇಳ್ತಿದ್ರು. ಈಗ ಡೋರ್ ನಾಕ್ ಮಾಡಿ ಔಟ್‌ಸೈಡ್ ನಿಂತು 'ಊಟಕ್ಕ ಬರ್ತಿಯೇನು' ಅಂತಾರೆ. ಲೈಕ್ ಎ ಗೆಸ್ಟ್. ನಾನೇನು ಮಾಡ್ದೆ?"

ನನ್ನ ಕೈಯಲ್ಲಿದ್ದ ಮೇಜಿನ ಹಾಸು ಅಲ್ಲೇ ನಿಂತಿತು. ನಮ್ಮ ಮನೆಯವರು ಬಾಗಿಲು ತಟ್ಟುವುದನ್ನು ನಾನೂ ನೋಡಿದ್ದೆ. ಎಷ್ಟು ನಾಗರಿಕ ಮನುಷ್ಯ ಎಂದು ಒಳಗೊಳಗೆ ಹೆಮ್ಮೆಪಟ್ಟಿದ್ದೆ. ಆರತಿ ಬಿಟ್ಟೆ, ಹಾಡು ಬಿಟ್ಟೆ, ಉಂಡಿಯನ್ನೂ ಬಿಟ್ಟೆ. ಇವೆಲ್ಲದರಲ್ಲಿ ನನಗೆ ನೋವು ಕೊಟ್ಟದ್ದು ಯಾವುದೋ ಅದೊಂದನ್ನು ಮಾತ್ರ ಜೋಪಾನವಾಗಿ ತಂದು ನನ್ನ ಮಗಳಿಗೆ ಕೊಟ್ಟಿದ್ದೆ. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

"ನೀ ಏನೂ ಮಾಡಿಲ್ಲ. ಪಪ್ಪಾಗ ಹಂಗಿರ್ರಿ ಅಂತ ನಾನ ಹೇಳಿದ್ದೆ" ಎಂದೆ.

ಈ ಸಲ ಭೂಮಿಯ ಮೆಚ್ಚಿನ ಬೈಗುಳವೂ ಬರಲಿಲ್ಲ. "ಸೋ ಪಪ್ಪಾಗ ಎಲ್ಲಾ ಗೊತ್ತೈತಿ" ಎಂದಷ್ಟೇ ಅಂದು ಎದ್ದು ಗೆಳತಿಯರ ಕಡೆ ಹೋದಳು. ಅವ್ವ ಚಪ್ಪಲಿಯನ್ನು ಇನ್ನೊಂದು ಗೇಣು ಬಿಸಿಲಿಗೆ ಸರಿಸಿದಳು. ಏಳನೆಯ ಕ್ಲಾಸಿನಲ್ಲಿ ಏನಾಗಿತ್ತೆಂದು ಅವಳು ಕೇಳಲಿಲ್ಲ. ತಿಳಿಯದಷ್ಟು ದಡ್ಡಿಯೂ ಅಲ್ಲ.

ನಾಲ್ಕು ಗಂಟೆಗೆ ಕಲೆ ಕೆನೆಯ ಬಣ್ಣಕ್ಕೆ ಇಳಿದಿತ್ತು, ಹುಡುಕಿದರೆ ಮಾತ್ರ ಕಾಣುವಷ್ಟು. ದಿಂಬಿನ ಮೇಲೆ ಚಪ್ಪಲಿ ಹೊತ್ತು ನಾನು ನಡೆದೆ. ನಮ್ಮ ಊರಿನವರು ಯಾರಾದರೂ ನೋಡಿದ್ದರೆ ನನ್ನನ್ನು ಬಿಟ್ಟಾರೆಯೇ ಎನಿಸಿ ನಗು ಬರುತ್ತಿತ್ತು. ಹಿಮೇನಾಳ ಅಪ್ಪ ದಪ್ಪ ಮನುಷ್ಯ. ಎರಡೂ ಮಂಡಿಯೂರಲು ಕುರ್ಚಿಯ ಕೈ ಹಿಡಿದ. ಮಗಳ ಸಪಾಟು ಚಪ್ಪಲಿಯ ಬಕಲ್ ಬಿಚ್ಚಲಾಗದೆ ಒದ್ದಾಡಿದ. ಹಿಮೇನಾ ಬಾಗಿ ತಾನೇ ಬಿಚ್ಚಿಕೊಟ್ಟಳು. ಹೊಸ ಚಪ್ಪಲಿ ತೊಡಿಸಿ ಏಳುವಾಗ ಅವನು ನೂರು ಮಂದಿಯೆದುರು ಮೂಗು ಒರೆಸಿಕೊಂಡು ಅತ್ತ. ಆ ಹದಿನೈದು ವರ್ಷದ ಹುಡುಗಿಯ ಮೇಲೆ ನನಗೆ, ನಲವತ್ತೈದು ದಾಟಿದವಳಿಗೆ, ಹೊಟ್ಟೆಕಿಚ್ಚಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಹೊಟ್ಟೆಕಿಚ್ಚಾಯಿತು.

ಅವರಿಬ್ಬರ ಕುಣಿತ ಮುಗಿದ ಮೇಲೆ, ಇನ್ನು ಹೆಣ್ಣುಮಕ್ಕಳಿರುವ ಅಪ್ಪಂದಿರೆಲ್ಲ ಬನ್ನಿ ಎಂದು ಲೂಪೆ ಮೈಕಿನಲ್ಲಿ ಕರೆದಳು. ನಮ್ಮ ಮನೆಯವರು ಗೋಡೆಯ ಪಕ್ಕ ತಾಟು ಹಿಡಿದು ನಿಂತು, ಯಾವುದರಲ್ಲಿ ಮಾಂಸವಿಲ್ಲ ಎಂದು ಸಂಶೋಧನೆ ನಡೆಸಿದ್ದರು. ಭೂಮಿ ಆ ತುದಿಯಲ್ಲಿ ಗೆಳತಿಯರ ನಡುವೆ ನಿಂತಿದ್ದಳು. ಒಬ್ಬೊಬ್ಬಳನ್ನೂ ಅವಳ ಅಪ್ಪ ಬಂದು ಕರೆದುಕೊಂಡು ಹೋಗುತ್ತಿದ್ದ. ಭೂಮಿ ಫೋನು ನೋಡತೊಡಗಿದಳು.

ನಾನು ಹೋಗಿ ಅವರ ಕೈಯಿಂದ ತಾಟು ತೆಗೆದುಕೊಂಡೆ. "ಹೋಗ್ರಿ. ಆಕಿ ಕಾಯಾಕತ್ಯಾಳ."

"ನಾನ? ನನಗ ಎಲ್ಲಿ ಬರತೈತಿ?"

"ಬರಲಿಲ್ಲಂದ್ರ ನಡೀತೈತಿ. ಎರಡು ವರ್ಷದಿಂದ ನಿಮಗ ತನ್ನ ಮ್ಯಾಲೆ ಸಿಟ್ಟು ಐತಿ ಅಂತ ತಿಳ್ಕೊಂಡಾಳ ಆಕಿ."

ಅವರ ಮುಖ ಸಪ್ಪಗಾಯಿತು. "ನೀನ ಹೇಳಿದ್ದ್ಯಲ್ಲ, ಏನೂ ಗೊತ್ತಿಲ್ಲದಂಗ ಇರ್ರಿ ಅಂತ?"

"ಹೇಳಿದ್ದೆ. ತಪ್ಪಾತು. ಹೋಗ್ರಿ."

"ಹೋಗಿ ಏನನ್ನಲಿ?"

"ಏನೂ ಅನಬ್ಯಾಡ್ರಿ. ಕುಣೀರಿ."

ಪ್ಯಾಂಟಿಗೆ ಕೈ ಒರೆಸಿಕೊಂಡು ಹೋದರು. ಹಾಲಿನ ಉದ್ದ ಅಂದು ಎಷ್ಟಿತ್ತೆಂದು ನನಗೆ ಮಾತ್ರ ಗೊತ್ತು. ಭೂಮಿಯೆದುರು ನಿಂತರು. ಕೈ ಚಾಚಿದರು. ಅವಳು ಫೋನನ್ನು ಕಿಸೆಗೆ ಹಾಕಿದಳು. ನಮ್ಮ ಮನೆಯವರಿಗೆ ಗೊತ್ತಿರುವ ಕುಣಿತ ಒಂದೇ, ಗಣಪತಿ ಕಳಿಸುವ ದಿನದ್ದು. ವಾಲ್ಟ್ಸಿನ ತಾಳಕ್ಕೆ ಅದನ್ನೇ ಹೊಂದಿಸಲು ನೋಡಿದರು. ಪಕ್ಕದ ಜೋಡಿಗೆ ಡಿಕ್ಕಿ ಹೊಡೆದರು. ಭೂಮಿಯ ಮುಖ ನಾಚಿಕೆಯಿಂದ ಕೆಂಪಾಗಿತ್ತು, ಆದರೆ ಅಪ್ಪನ ಕೈಯನ್ನು ಮಾತ್ರ ಬಿಡಲಿಲ್ಲ. ಮೂರನೆಯ ಸುತ್ತಿಗೆ ಅವರು ಅವಳ ಕಿವಿಯಲ್ಲಿ ಏನೋ ಹೇಳಿದರು. ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಏನು ಹೇಳಿದಿರಿ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

ಅವ್ವನ ಪಕ್ಕ ಬಂದು ಕೂತೆ. ಅವಳು ಕುಣಿಯುವವರನ್ನೇ ನೋಡುತ್ತಿದ್ದಳು. ಎರಡು ವರ್ಷದ ಸುಳ್ಳಿಗೆ ಈಗ ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿಕೊಂಡು ಕಾದೆ.

"ನಿಮ್ಮಪ್ಪಗೂ ನಾನ ಹೇಳಿದ್ದೆ" ಎಂದಳು ಅವ್ವ.

"ಏನಂತ?"

"ಆಕಿ ಇನ್ನ ದೊಡ್ಡಾಕಿ, ಸೈಕಲ್ ಮ್ಯಾಲೆ ಕೂಡಿಸ್ಕೋಬ್ಯಾಡ್ರಿ, ದೂರ ಇರ್ರಿ ಅಂತ. ಮಂದಿ ಬಾಯಿಗೆ ಅಂಜಿದ್ದೆ ನಾ."

ಮೂವತ್ತು ವರ್ಷಕ್ಕೂ ಮಿಕ್ಕಿ ಒಬ್ಬ ಮನುಷ್ಯನ ಮೇಲೆ ಸಿಟ್ಟಾಗಿದ್ದೆ. ಆ ಸಿಟ್ಟನ್ನು ಈಗ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಅಪ್ಪ ಏನಂದ್ರು?"

"ಏನಂತಾರ, ಹೂಂ ಅಂದ್ರು." ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಆದ್ರ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಕೇಳತಿದ್ರು ಪಾಪ. ಈಗರೆ ಆಕಿ ಜೋಡಿ ಮೊದಲಿನಂಗ ಮಾತಾಡಲೇನ ಅಂತ. ನಾ ಇನ್ನೊಂದ್ ಸ್ವಲ್ಪ ದಿನ ತಡೀರಿ ಅಂತಿದ್ದೆ. ಅಷ್ಟರಾಗ ನಿನ್ನ ಮದಿವಿ ಆತು."